ಬಾಗಿಲ ಪಕ್ಕದ ಕುರ್ಚಿ

ಜನವರಿ ೮

ಅತ್ತಿಗೆಯವರ ಸನ್ನಿಧಾನಕ್ಕೆ, ಅವರ ಒಬ್ಬಳೇ ಒಬ್ಬಳು ನಾದಿನಿ ಮಾಡುವ ಅರಿಕೆ.

ನಗಬೇಡ. ಒಂದೇ ಬೆಂಚಿನಲ್ಲಿ ಕೂತು ಸಸ್ಯಶಾಸ್ತ್ರ ಓದಿದವಳು ನನ್ನ ಅಣ್ಣನನ್ನು ಕಟ್ಟಿಕೊಂಡು ಅತ್ತಿಗೆಯಾದೆಯಲ್ಲ, ಇಷ್ಟು ವರ್ಷವಾದರೂ ಆ ಪದ ಬರೆಯುವಾಗ ನನಗೇ ನಗು ಬರುತ್ತದೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅಣ್ಣ ಪಕ್ಕದಲ್ಲಿ ಕೂತು 'ಏನಂತೆ, ಏನಂತೆ' ಅನ್ನುತ್ತಿರುತ್ತಾನೆ, ನಾವಿಬ್ಬರೂ ಹೇಳಬೇಕಾದ್ದು ಬಿಟ್ಟು ಹವಾಮಾನ ಮಾತಾಡಿ ಇಡುತ್ತೇವೆ.

ವಿಷಯ ಏನೆಂದರೆ, ನಮ್ಮ ವಿಭಾಗದಲ್ಲಿ ಕಾಯಂ ಹುದ್ದೆಗೆ ಅರ್ಜಿ ಕರೆದಿದ್ದಾರೆ. ಒಂದೇ ಹುದ್ದೆ. ಒಂಬತ್ತು ವರ್ಷದಿಂದ ನಾನು ಇಲ್ಲಿ ಅತಿಥಿ ಉಪನ್ಯಾಸಕಿ. ಇಷ್ಟು ದಿನ ಉಳಿದ ಅತಿಥಿಯನ್ನು ಯಾವ ಮನೆಯವರೂ ಸಹಿಸುತ್ತಿರಲಿಲ್ಲ. ಪ್ರತಿ ಬೇಸಿಗೆಯಲ್ಲೂ ಕೆಲಸ ಹೋಗುತ್ತದೆ, ತರಗತಿ ಶುರುವಾದಾಗ ಕರೆದರೆ ಬರುತ್ತದೆ. ಈ ಸಲ ಸಿಗದಿದ್ದರೆ ಇನ್ನು ಕರೆಯುವುದೂ ಇಲ್ಲ, ಏಕೆಂದರೆ ಹುದ್ದೆ ತುಂಬಿರುತ್ತದೆ.

ಹುಲ್ಲಿನ ಬಗ್ಗೆ ನನಗೆ ಗೊತ್ತಿರುವಷ್ಟು ಅರ್ಜಿ ಹಾಕುವ ಯಾರಿಗೂ ಗೊತ್ತಿಲ್ಲ, ಇದನ್ನು ಜಂಬ ಅಂದುಕೊಂಡರೂ ಸರಿ. ತೊಂದರೆ ಅದಲ್ಲ, ಕ್ಯಾಂಟೀನಿನದು. ನೀನಿದ್ದಾಗ ಅಲ್ಲಿದ್ದವು ಬರೀ ಮೇಜುಗಳು. ಈಗ ಕಿಟಕಿಯ ಹತ್ತಿರದ ದೊಡ್ಡ ಮೇಜು ಆಳುವ ಪಕ್ಷದ ಕಡೆಯವರದು, ಬಾಗಿಲ ಪಕ್ಕದ್ದು ವಿರೋಧದವರದು. ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಚಹಾದ ಹೊತ್ತಿಗೆ ಯಾರು ಎಲ್ಲಿ ಕೂರುತ್ತಾರೆ ಅಂತ ನೋಡಿಕೊಂಡು ಮನಸ್ಸಿನಲ್ಲೇ ಗುರುತು ಹಾಕಿಕೊಳ್ಳುತ್ತಾರೆ. ನಮ್ಮ ಮುಖ್ಯಸ್ಥರು ಕಿಟಕಿಯವರು, ಕುಲಪತಿಗಳು ಕಿಟಕಿಯವರು. ನಾನು ಮೊದಲಿಂದಲೂ ಬಾಗಿಲ ಪಕ್ಕದ ಅದೇ ಕುರ್ಚಿಯಲ್ಲಿ ಕೂತವಳು. ಯಾಕೆ ಅಂತ ನಿನಗೆ ಗೊತ್ತೇ ಇದೆ. ಅವರಿಗೆ ಮಾತ್ರ ನಾನು ಬಾಗಿಲಿನವಳು. ನಿನ್ನೆ ಮುಖ್ಯಸ್ಥರು ಅರ್ಜಿಗೆ ಸಹಿ ಹಾಕುತ್ತಾ, "ನೀವು ಹಾಕ್ತಿದ್ದೀರಾ? ಹಾಕಿ ಹಾಕಿ, ಯಾರು ಬೇಕಾದ್ರೂ ಹಾಕಬಹುದು" ಅಂದರು. ಆ ದನಿ ಕೇಳಿದ್ದರೆ ನಿನಗೂ ಅರ್ಥವಾಗುತ್ತಿತ್ತು.

ಏನು ಮಾಡಲಿ, ಹೇಳು. ನೀನು ನೆಟ್ಟ ಹುಲ್ಲಿನ ಮಡಿಗಳು ವಿಭಾಗದ ಹಿಂದೆ ಸೊಂಪಾಗಿವೆ. ಹೆಸರು ಬರೆದ ತಗಡುಗಳಿಗೆ ನಾನೇ ಹೊಸ ಬಣ್ಣ ಹೊಡೆದೆ.

ನಿನ್ನ ಕಡ್ಡಿ


ಜನವರಿ ೧೯

ಕಡ್ಡಿ,

ಕಾಗದ ಬಂದ ದಿನ ನಾನು ಇಲ್ಲಿಯ ಕಾಲೇಜಿನಲ್ಲಿ ಎಂಬತ್ತು ಹುಡುಗರಿಗೆ ಒಂದೇ ಒಂದು ಸೂಕ್ಷ್ಮದರ್ಶಕದಲ್ಲಿ ಈರುಳ್ಳಿ ಸಿಪ್ಪೆ ತೋರಿಸಿ ಮನೆಗೆ ಬಂದಿದ್ದೆ. ಎಲ್ಲರೂ ನೋಡಿದರು, ಯಾರಿಗೂ ಏನೂ ಕಾಣಲಿಲ್ಲ, ಆ ಮಸೂರದಲ್ಲಿ ಕಾಣುವುದೂ ಇಲ್ಲ. ಆಮೇಲೆ ನಿನ್ನ ಪತ್ರ ಬಿಚ್ಚಿದರೆ ನಮ್ಮ ವಿಭಾಗ, ನಮ್ಮ ಮುಖ್ಯಸ್ಥರು, ನಮ್ಮ ಮಡಿಗಳು. ನಿನಗೇನಮ್ಮ. ಸಿಗಲಿ ಬಿಡಲಿ, ಕರೆದಿರುವುದು ನಿನ್ನ ಮನೆಬಾಗಿಲಲ್ಲೇ. ಹೊಟ್ಟೆಕಿಚ್ಚು ಅಂತ ಬೇಕಾದರೆ ಅಂದುಕೋ, ನನ್ನ ಹೊಟ್ಟೆ, ನನ್ನ ಕಿಚ್ಚು.

ಉಪಾಯ ಕೇಳಿದೆಯಲ್ಲ, ಹೇಳುತ್ತೇನೆ. ಎದ್ದು ಹೋಗಿ ಕಿಟಕಿಯ ಹತ್ತಿರ ಕೂತುಕೋ. ಕುರ್ಚಿಗೆ ನಾಲ್ಕು ಕಾಲು, ನಿನಗೆ ಎರಡು, ಕದಲಬೇಕಾದವಳು ನೀನೇ. ನೀನು ಬಾಗಿಲ ಹತ್ತಿರ ಯಾಕೆ ಕೂರುತ್ತೀಯ ಅಂತ ನನಗೆ ಗೊತ್ತಿಲ್ಲದೆ ಏನು, ಅಡುಗೆಮನೆಗೆ ಹತ್ತಿರ, ಚಹಾ ಬಿಸಿಬಿಸಿ ಸಿಗುತ್ತದೆ. ಬಿಸಿ ಚಹಾಕ್ಕಾಗಿ ಕೆಲಸ ಕಳೆದುಕೊಂಡವಳು ಅನ್ನಿಸಿಕೊಳ್ಳಬೇಡ. ಮನಸ್ಸಿನಲ್ಲಿ ಏನಿದೆ ಅಂತ ಯಾರೂ ಬಗೆದು ನೋಡುವುದಿಲ್ಲ. ನಮ್ಮ ಪ್ರಾಂಶುಪಾಲರು ಬಾಗಿಲಿನವರಲ್ಲಿ ದೊಡ್ಡ ತಲೆ, ನಿನಗೆ ಗೊತ್ತು. ಅವರೇ ಆಳುವವರ ಮಂತ್ರಿ ಬಂದಾಗ ಎಲ್ಲರಿಗಿಂತ ಮುಂದೆ ಹಾರ ಹಿಡಿದು ನಿಂತಿರುತ್ತಾರೆ. ಅವರೇನು ಕರಗಿಹೋದರೇ?

ನಿನ್ನಣ್ಣನಿಗೆ ತಮ್ಮ ವಿಮಾ ಕಚೇರಿಯಲ್ಲಿ ಹೊಸ ಕಪಾಟು ಬಂತೆಂದು ಎರಡು ದಿನದಿಂದ ಅದರದೇ ಮಾತು.

ಒಂದು ಸಣ್ಣ ವಿಷಯ. ಜಾಹೀರಾತಿನಲ್ಲಿ ವಯಸ್ಸಿನ ಮಿತಿ ಎಷ್ಟು ಹಾಕಿದ್ದಾರೆ? ಬೇರೆ ಕಾಲೇಜಿನಲ್ಲಿ ಪಾಠ ಮಾಡಿದ್ದನ್ನು ಲೆಕ್ಕಕ್ಕೆ ಹಿಡಿಯುತ್ತಾರೆಯೇ? ಕೊನೆಯ ದಿನ ಯಾವುದು? ಸುಮ್ಮನೆ ಕೇಳಿದೆ.

ಅತ್ತಿಗೆ


ಫೆಬ್ರವರಿ ೪

ಅತ್ತಿಗೆಗೆ,

ಎದ್ದು ಹೋದೆ. ನೀನು ಹೇಳಿದ್ದು ಅಂತ ಮಾಡಿದೆ. ಇಲ್ಲದಿದ್ದರೆ ನನ್ನಿಂದ ಆಗುತ್ತಿರಲಿಲ್ಲ.

ಹದಿನೈದು ಹೆಜ್ಜೆಯೂ ಇಲ್ಲ, ಆದರೆ ಲೋಟ ಹಿಡಿದು ದಾಟುವಾಗ ಇಡೀ ಕ್ಯಾಂಟೀನು ಚಮಚ ತಿರುಗಿಸುವುದನ್ನು ನಿಲ್ಲಿಸಿತು. ಕುರ್ಚಿ ಎಳೆದೆ, ಅದು ಬೇಕೆಂದೇ ಕಿರ್ರೆಂದಿತು. ಕಿಟಕಿಯವರಲ್ಲಿ ಯಾವಾಗಲೂ ಕಾಲರಿಗೆ ಗಂಜಿ ಹಾಕಿಕೊಂಡು ಬರುವ ಒಬ್ಬನಿದ್ದಾನೆ, ಮುಖ್ಯಸ್ಥರ ಶಿಷ್ಯ, ನಾವು ಅವನನ್ನು ಗಂಜಿ ಅನ್ನುತ್ತೇವೆ. ಅವನೂ ಇದೇ ಹುದ್ದೆಗೆ ಹಾಕಿದ್ದಾನೆ. ನನ್ನನ್ನು ನೋಡಿ ಅವನ ಮುಖ ಇಷ್ಟೇ ಇಷ್ಟಾಯಿತು. ಮುಖ್ಯಸ್ಥರು ಮಾತ್ರ ತಮ್ಮ ಬಿಸ್ಕತ್ತು ಮುರಿದು ಅರ್ಧ ನನ್ನ ಕಡೆ ತಳ್ಳಿದರು. "ಕೊನೆಗೂ ಬಂದ್ರಲ್ಲ, ನಮ್ಮವರೇ ನೀವು" ಅಂದರು. ಅಂದಿನಿಂದ ಬಾಗಿಲಿನವರು ನನ್ನನ್ನು ಕಂಡರೆ ಗೋಡೆಯ ನೋಟಿಸು ಓದುತ್ತಾರೆ. ಒಂಬತ್ತು ವರ್ಷ ಒಟ್ಟಿಗೆ ಚಹಾ ಕುಡಿದವರು. ಒಳಗೆ ಚುರುಕ್ ಅನ್ನುತ್ತದೆ, ಸುಳ್ಳು ಯಾಕೆ ಹೇಳಲಿ.

ಬರುವ ಚುನಾವಣೆಯಲ್ಲಿ ಮತ್ತೆ ಕಿಟಕಿಯವರ ಪಕ್ಷವೇ ಗೆಲ್ಲುತ್ತದೆ ಅಂತ ಎಲ್ಲರಿಗೂ ಖಾತ್ರಿ. ಗಂಜಿಗಿಂತ ನನ್ನ ಸಂಶೋಧನೆ ಗಟ್ಟಿ ಅಂತ ಮುಖ್ಯಸ್ಥರೇ ಒಪ್ಪಿಕೊಂಡಿದ್ದಾರೆ. ಕೆಲಸ ಕಾಯಂ ಆದರೆ ಮೊದಲು ಬಾಡಿಗೆ ಕೋಣೆ ಬಿಟ್ಟು ಒಂದು ಅಡುಗೆಮನೆ ಇರುವ ಮನೆ ಹಿಡಿಯುತ್ತೇನೆ. ನಿನಗೆ ಮನೆ, ಅಣ್ಣ, ತಿಂಗಳಿಗೆ ತಪ್ಪದ ಸಂಬಳ ಎಲ್ಲ ಇದ್ದೂ ಒಂದು ಸೂಕ್ಷ್ಮದರ್ಶಕಕ್ಕೆ ಅಳುತ್ತೀಯಲ್ಲ, ನಿನ್ನ ಮೇಲೆ ನನಗೂ ಕಿಚ್ಚೇ. ಸರಿಹೋಯಿತು ಬಿಡು, ಇಬ್ಬರಿಗೂ ಸಮ.

ವಯಸ್ಸಿನ ಮಿತಿ ಸಡಿಲವಾಗಿದೆ, ಕಾಲೇಜಿನ ಪಾಠವೂ ಲೆಕ್ಕಕ್ಕೆ ಬರುತ್ತದೆ, ಕೊನೆಯ ದಿನ ಇದೇ ತಿಂಗಳ ಇಪ್ಪತ್ತು. ಯಾಕೆ, ನೀನೇನಾದರೂ ಹಾಕುತ್ತೀಯಾ? ಹಾಕುವುದಾದರೆ ಒಂದು ಮಾತು ಹೇಳು ತಾಯಿ, ನಾನು ವಾಪಸು ತೆಗೆದುಕೊಳ್ಳುತ್ತೇನೆ. ನಿನ್ನೆದುರು ನಿಂತು ನಾನು ಯಾವತ್ತು ಗೆದ್ದಿದ್ದೇನೆ?

ಕಡ್ಡಿ


ಫೆಬ್ರವರಿ ೨೭

ಕಡ್ಡಿ,

ಉತ್ತರ ತಡವಾಯಿತು. ನಿನ್ನಣ್ಣನಿಗೆ ದವಡೆಹಲ್ಲಿನ ನೋವು. ಮನೆಯೆಲ್ಲ ಲವಂಗದ ಎಣ್ಣೆಯ ವಾಸನೆ. ಪರದೆಗಳನ್ನು ಒಗೆಯಲು ಹಾಕಿದ್ದೆ, ಒಂದು ಕುಗ್ಗಿ ಮೊಳಕಾಲುದ್ದ ಆಯಿತು. ಮುಂದಿನ ಮನೆಯವರು ನಾಯಿ ತಂದಿದ್ದಾರೆ, ಅದಕ್ಕೆ ನನ್ನನ್ನು ಕಂಡರೆ ಆಗುವುದಿಲ್ಲ.

ಪ್ರಾಂಶುಪಾಲರು ಈಚೆಗೆ ನನ್ನೊಂದಿಗೆ ಬಹಳ ಮೃದು. ಕೋಣೆಗೆ ಕರೆದು ಕೂರಿಸಿ, ಓದಿದ್ದು ಎಲ್ಲಿ, ಯಾರ ಕೈಕೆಳಗೆ, ಆಗ ಯಾರ ಜೊತೆ ಓಡಾಡುತ್ತಿದ್ದಿರಿ ಅಂತ ಕೇಳಿದರು. ವಯಸ್ಸಾಗುತ್ತಿದೆ, ಮಾತಿಗೆ ಜನ ಬೇಕು ಅನ್ನಿಸುತ್ತದೆ.

ನೀನು ಜಾಗ ಬದಲಿಸಿದ್ದು ಒಳ್ಳೆಯದಾಯಿತು. ಅಲ್ಲೇ ಕೂತಿರು. ಅರ್ಧ ಬಿಸ್ಕತ್ತು ಕೊಟ್ಟವರು ನಾಳೆ ಪೂರ್ತಿ ಕೊಡಬಹುದು.

ಇನ್ನೇನೂ ವಿಶೇಷವಿಲ್ಲ.

ಅತ್ತಿಗೆ


ಮಾರ್ಚ್ ೧೧

ಅತ್ತಿಗೆಗೆ,

ಪತ್ರಿಕೆ ನೋಡಿರುತ್ತೀಯ. ಖಾತ್ರಿ ಅಂದವರೆಲ್ಲ ಮಣ್ಣುಮುಕ್ಕಿದರು. ಸರ್ಕಾರ ಹೋಯಿತು, ಅದರ ಬೆನ್ನಿಗೇ ಕುಲಪತಿಗಳೂ ಹೋದರು. ಹೊಸಬರು ಅಪ್ಪಟ ಬಾಗಿಲಿನವರು. ಆಯ್ಕೆ ಸಮಿತಿಯನ್ನು ರದ್ದು ಮಾಡಿ ಹೊಸದು ಮಾಡಿದ್ದಾರೆ, ಅದರಲ್ಲಿ ಯಾರಿದ್ದಾರೆ ಅನ್ನುವುದು ಗುಟ್ಟು.

ಕ್ಯಾಂಟೀನಿನಲ್ಲಿ ನಗಬೇಕೋ ಅಳಬೇಕೋ ತಿಳಿಯದು. ಕಿಟಕಿಯ ಮೇಜಿನಲ್ಲಿದ್ದವರು ಒಬ್ಬೊಬ್ಬರೇ ಲೋಟ ಹಿಡಿದು ಬಾಗಿಲ ಕಡೆ ಹೋದರು. ಗಂಜಿ ಎಲ್ಲರಿಗಿಂತ ಮೊದಲು. ಬಾಗಿಲ ಪಕ್ಕದ ನನ್ನ ಹಳೆಯ ಕುರ್ಚಿಯಲ್ಲಿ ಈಗ ಅವನೇ. ಕಿಟಕಿಯ ಹತ್ತಿರ ಉಳಿದವರು ಮುಖ್ಯಸ್ಥರು ಮತ್ತು ನಾನು. ಅವರಿಗೆ ನಿವೃತ್ತಿ ಹತ್ತಿರ, ಎಲ್ಲಿ ಕೂತರೂ ನಡೆಯುತ್ತದೆ. ನನಗೆ ಮತ್ತೆ ಎದ್ದು ಹೋಗಲು ನಾಚಿಕೆ. ಹೋಗದಿದ್ದರೆ ಭಯ.

ನನಗೀಗ ನೀನೊಬ್ಬಳೇ ದಿಕ್ಕು. ನಿಮ್ಮ ಪ್ರಾಂಶುಪಾಲರು ಹೊಸ ಕುಲಪತಿಗಳಿಗೆ ಬಹಳ ಆಪ್ತರಂತೆ. ಸಮಿತಿಯಲ್ಲಿ ಯಾರಿದ್ದಾರೆ, ಅವರ ಮನಸ್ಸಿನಲ್ಲಿ ಏನಿದೆ, ಪ್ರಾಂಶುಪಾಲರ ಬಾಯಿಂದ ಒಂದು ಮಾತು ಹೊರಡಿಸು. ಕಿಟಕಿಯ ಬಳಿ ಕೂತವರನ್ನು ತೆಗೆದುಕೊಳ್ಳುವುದಿಲ್ಲ ಅಂತಿದ್ದರೆ ನಾಚಿಕೆ ಬಿಟ್ಟು ಇವತ್ತೇ ಎದ್ದು ಹೋಗಿ ಬಾಗಿಲಿನವರ ಕಾಲು ಹಿಡಿಯುತ್ತೇನೆ. ನಾನು ಅಲ್ಲಿಗೆ ಹೋದದ್ದು ಪಕ್ಷಕ್ಕಲ್ಲ, ಕೆಲಸಕ್ಕೆ ಅಂತ ಹೇಳಿ ತಪ್ಪಾಯಿತು ಅನ್ನುತ್ತೇನೆ. ಸಂದರ್ಶನ ಏಪ್ರಿಲ್ ಎರಡಕ್ಕೆ. ಒಂದೇ ಸಾಲು ಬರೆ, ಸಾಕು.

ಕಡ್ಡಿ


ಮಾರ್ಚ್ ೨೨

ಕಡ್ಡಿ,

ಗಾಬರಿಯಾಗಬೇಡ. ಪ್ರಾಂಶುಪಾಲರು ನನ್ನ ಹತ್ತಿರ ಅಂಥದ್ದೇನೂ ಮಾತಾಡುವುದಿಲ್ಲ. ಅವರ ಮಾತೆಲ್ಲ ರಜೆ, ಹಾಜರಿ ಇಷ್ಟೇ.

ನೀನಿರುವಲ್ಲೇ ಇರು. ಎರಡು ತಿಂಗಳಲ್ಲಿ ಎರಡು ಸಲ ಜಾಗ ಬದಲಿಸಿದರೆ ಜನ ಏನಂದಾರು? ಕೊನೆಗೆ ನೋಡುವುದು ವಿದ್ವತ್ತನ್ನೇ. ನಿನಗೆ ಅದು ಇದೆ ಅಂತ ನೀನೇ ಬರೆದಿದ್ದೀಯ.

ಪರೀಕ್ಷೆಯ ಕೆಲಸ ತಲೆಯ ಮೇಲಿದೆ. ಆಮೇಲೆ ಬರೆಯುತ್ತೇನೆ.

ಅತ್ತಿಗೆ


ಏಪ್ರಿಲ್ ೫

ಅತ್ತಿಗೆ,

ಮೂರು ದಿನ ಸುಮ್ಮನಿದ್ದು ಬರೆಯುತ್ತಿದ್ದೇನೆ. ಸಿಟ್ಟಿನಲ್ಲಿ ಬರೆದರೆ ಅಣ್ಣನ ಹೆಂಡತಿಗೆ ಬರೆಯಬಾರದ್ದನ್ನು ಬರೆಯುತ್ತಿದ್ದೆ.

ಸಂದರ್ಶನದ ದಿನ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದೆ. ಆ ತುದಿಯಲ್ಲಿ ನೀನು ಬರುವುದು ಕಂಡಿತು. ನನಗೆ ಮೊದಲು ಆದದ್ದು ಸಂತೋಷ. ಇಷ್ಟು ದೂರ ರೈಲಿನಲ್ಲಿ ನನಗೆ ಧೈರ್ಯ ಹೇಳಲು ಬಂದಿದ್ದಾಳೆ, ಹೇಳದೆ ಬಂದು ಬೆರಗು ಮಾಡಬೇಕೆಂದು ಬಂದಿದ್ದಾಳೆ ಅಂದುಕೊಂಡೆ. ನಿನ್ನ ಕೈಯಲ್ಲಿ ಪ್ರಮಾಣಪತ್ರಗಳ ಫೈಲು ಕಂಡ ಮೇಲೂ ಸ್ವಲ್ಪ ಹೊತ್ತು ಹಾಗೆಯೇ ಅಂದುಕೊಂಡಿದ್ದೆ. ನೋಡು, ಎಷ್ಟು ದಡ್ಡಿ ನಾನು.

ನೀನು ಪಕ್ಕದಲ್ಲಿ ಕೂತು "ಹೇಳೋಣ ಅಂತಿದ್ದೆ" ಅಂದೆ. ಎದುರಿನ ಕಿಟಕಿಯ ಗಾಜಿನಿಂದ ಬಿಸಿಲು ನೇರ ನಿನ್ನ ಮುಖಕ್ಕೆ ಹೊಡೆಯುತ್ತಿತ್ತು. ನೀನು ಹಣೆ ಒತ್ತಿಕೊಂಡೆ. ನಾನು ಎದ್ದು ಆ ಕಡೆ ಕೂತು ನಿನ್ನನ್ನು ಈ ಕಡೆ ಸರಿಸಿದೆ. ಬೇಕೆಂದು ಮಾಡಿದ್ದಲ್ಲ, ಅಭ್ಯಾಸ. ಆಮೇಲೆ ನನ್ನ ಮೇಲೆ ನನಗೇ ಅಸಹ್ಯವಾಯಿತು.

ಒಳಗೆ ನಡುವಿನ ಕುರ್ಚಿಯಲ್ಲಿ ನಿಮ್ಮ ಪ್ರಾಂಶುಪಾಲರು. ರಜೆ, ಹಾಜರಿ ಬಿಟ್ಟು ಬೇರೆ ಮಾತಾಡದವರು. ಹುಲ್ಲಿನ ಬಗ್ಗೆ ಒಂದು ಪ್ರಶ್ನೆ ಇಲ್ಲ. "ಈಚೆಗೆ ಜಾಗ ಬದಲಾಯಿಸಿದ್ರಂತಲ್ಲ, ಯಾಕೆ?" ಅಂತ ಶುರುಮಾಡಿದರು. ಅತ್ತಿಗೆ ಹೇಳಿದಳು ಅನ್ನಲು ಆಗುತ್ತದೆಯೇ? ಕಿಟಕಿಯ ಹತ್ತಿರ ಗಾಳಿ ಚೆನ್ನಾಗಿ ಬರುತ್ತದೆ ಅಂದೆ. "ಗಾಳಿ ಬಂದ ಕಡೆ ತೂರಿಕೊಳ್ಳೋರು ಅನ್ನಿ" ಅಂದರು. ಎಲ್ಲರೂ ನಕ್ಕರು. ಆಮೇಲೆ ಅವರು ಕನ್ನಡಕ ತೆಗೆದು, "ಹೋಗ್ಲಿ, ನಿಜ ಹೇಳಿ. ನೀವು ಯಾರ ಕಡೆಯವರು?" ಅಂತ ಕೇಳಿದರು.

ನನಗೆ ಉತ್ತರ ಹೊಳೆಯಲಿಲ್ಲ. ಸುಮ್ಮನೆ ಎದ್ದು ಬಂದೆ. ಬೆಂಚಿನ ಮೇಲೆ ನೀನು ನೆರಳಿನಲ್ಲಿ ಕೂತಿದ್ದೆ.

ಒಂದೇ ಒಂದನ್ನು ಕೇಳುತ್ತೇನೆ. ಮಾರ್ಚಿನಲ್ಲಿ 'ಇರುವಲ್ಲೇ ಇರು' ಅಂತ ಬರೆದಾಗ ನಿನಗೆ ಗೊತ್ತಿತ್ತೇ?


ಏಪ್ರಿಲ್ ೧೯

ಕಡ್ಡಿ,

ಗೊತ್ತಿತ್ತು.

ಸಮಿತಿಯಲ್ಲಿ ತಾವಿರುವುದಾಗಿ ಪ್ರಾಂಶುಪಾಲರು ಹೇಳಿದ್ದರು. ಕಿಟಕಿಯವರು ಒಬ್ಬರೂ ಬೇಡ ಅಂತಲೂ ಹೇಳಿದ್ದರು. ಅರ್ಜಿ ಹಾಕಿ ಅಂತ ಫೆಬ್ರವರಿಯಲ್ಲೇ ಒತ್ತಾಯ ಮಾಡಿದವರೂ ಅವರೇ. ಜನವರಿಯಲ್ಲಿ ನಾನು ಕಿಟಕಿಯ ಹತ್ತಿರ ಹೋಗು ಅಂದದ್ದು ನಿನ್ನ ಒಳ್ಳೆಯದಕ್ಕೇ. ಅದನ್ನಾದರೂ ನಂಬು. ಮಾರ್ಚಿನದು ಹಾಗಲ್ಲ. ಆ ದಿನ ನಾನು ನಿನಗೆ ಒಂದು ಸಾಲು ಬರೆದು, ಅದನ್ನು ಹರಿದು, ಇನ್ನೊಂದು ಬರೆದೆ.

ಈಗ ನನ್ನದೂ ಕೇಳು. ಆ ಮಡಿಗಳಿಗೆ ಮಣ್ಣು ಹೊತ್ತವಳು ನಾನು. ಒಂದೊಂದು ಹುಲ್ಲನ್ನೂ ಗುಡ್ಡ ಹತ್ತಿ ಬೇರುಸಹಿತ ತಂದವಳು ನಾನು. ನಮ್ಮ ಗುರುಗಳು ಸಂಶೋಧನೆಯ ಜಾಗವನ್ನು ಮೊದಲು ಕೊಟ್ಟಿದ್ದು ನನಗೆ. ನಿನ್ನಣ್ಣನಿಗೆ ವರ್ಗವಾಯಿತು ಅಂತ ನಾನು ಪೆಟ್ಟಿಗೆ ಕಟ್ಟಿದೆ, ನೀನು ನನ್ನ ಜಾಗದಲ್ಲಿ ಕೂತೆ. ಯಾರೂ ನಿನ್ನನ್ನು ಬೈಯಲಿಲ್ಲ, ಬೈಯುವಂಥದ್ದೂ ಅಲ್ಲ. ಆದರೆ ಪ್ರತಿ ಕಾಗದದಲ್ಲೂ 'ನಮ್ಮ ವಿಭಾಗ' ಅಂತ ನೀನು ಬರೆಯುವಾಗ ನನಗೆ ಏನಾಗುತ್ತಿತ್ತು ಅಂತ ಒಂದು ದಿನವಾದರೂ ಯೋಚಿಸಿದೆಯಾ? ತಗಡುಗಳಿಗೆ ಬಣ್ಣ ಹೊಡೆದೆ ಅಂತ ಬರೆದೆಯಲ್ಲ, ಅವತ್ತು ನಾನು ಊಟ ಮಾಡಲಿಲ್ಲ. ಆ ತಗಡುಗಳ ಮೇಲಿದ್ದದ್ದು ನನ್ನ ಕೈಬರಹ. ಹೌದು, ಹೊಟ್ಟೆ ಉರಿಯಿತು. ಹನ್ನೊಂದು ವರ್ಷದಿಂದ ಉರಿಯುತ್ತಿತ್ತು.

ನನಗೆ ಒಳಗೆ ಪ್ರಶ್ನೆ ಕೇಳಿದ್ದು ಎರಡು ನಿಮಿಷ. "ಓದೋವಾಗ ನೀವು ಬಾಗಿಲ ಪಕ್ಕದ ಮೇಜಲ್ಲೇ ಕೂರ್ತಿದ್ರಂತೆ, ಹಳಬರು ಹೇಳಿದ್ರು" ಅಂದರು. ಹೌದು ಅಂದೆ. ಮುಗಿಯಿತು. ನನ್ನನ್ನು ತೆಗೆದುಕೊಂಡದ್ದು ಕೂಡ ಹುಲ್ಲಿಗಾಗಿ ಅಲ್ಲ. ನೇಮಕದ ಆದೇಶ ನಿನ್ನೆ ಕೈಗೆ ಬಂತು.

ನಾನು ಹಾಕದಿದ್ದರೆ ಗಂಜಿಗೆ ಹೋಗುತ್ತಿತ್ತು, ನಿನಗಂತೂ ಅಲ್ಲ. ಇದನ್ನು ದಿನಕ್ಕೆ ಹತ್ತು ಸಲ ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಬೈದಾದರೂ ಬರೆ.

ಅತ್ತಿಗೆ


ಜೂನ್ ೧೪

ಕಡ್ಡಿ,

ಎರಡು ತಿಂಗಳಾದರೂ ನೀನು ಬರೆಯಲಿಲ್ಲ. ಸುದ್ದಿಯೆಲ್ಲ ನಿನ್ನಣ್ಣನಿಂದ ಫೋನಿನಲ್ಲಿ ಗೊತ್ತಾಗುತ್ತಿದೆ. ನಾನು ಬಿಟ್ಟ ಜಾಗಕ್ಕೇ ಆ ಕಾಲೇಜಿಗೆ ತಾತ್ಕಾಲಿಕವಾಗಿ ಸೇರಿದೆಯಂತೆ, ನಮ್ಮ ಮನೆಯಲ್ಲೇ ಇದ್ದೀಯಂತೆ. ಒಳ್ಳೆಯದಾಯಿತು ಅಂದೆ. ಅಂದು ಫೋನು ಇಟ್ಟ ಮೇಲೆ, ಬೆಳಿಗ್ಗೆ ಅವರಿಗೆ ಚಹಾ ಯಾರು ಮಾಡುತ್ತಾರೆ, ನನ್ನ ನೀಲಿ ಲೋಟದಲ್ಲಿ ಯಾರು ಕುಡಿಯುತ್ತಾರೆ ಅಂತೆಲ್ಲ ಮನಸ್ಸಿಗೆ ಬಂತು. ನಾನು ಅಷ್ಟು ಕೆಟ್ಟವಳು. ನಾನೀಗ ಇರುವುದು ನೀನು ಬಿಟ್ಟುಹೋದ ಬಾಡಿಗೆ ಕೋಣೆಯ ಎದುರಿನ ಇನ್ನೊಂದು ಬಾಡಿಗೆ ಕೋಣೆಯಲ್ಲಿ. ಅಡುಗೆಮನೆ ಇಲ್ಲ.

ಮೊದಲ ದಿನ ಕ್ಯಾಂಟೀನಿಗೆ ಹೋದಾಗ ಬಾಗಿಲಿನವರೆಲ್ಲ ಎದ್ದು ನಿಂತರು. ಗಂಜಿ ಕುರ್ಚಿ ಬಿಟ್ಟುಕೊಟ್ಟ. "ಬನ್ನಿ ಮೇಡಂ, ಇದು ಮೊದಲಿಂದ ನಿಮ್ದೇ ಜಾಗವಂತೆ" ಅಂದ. ಕೂತೆ. ಎರಡನೆಯ ದಿನ ಒಂದು ಕಾಗದ ಮುಂದಿಟ್ಟರು. ವಿಭಾಗದ ಹಿಂದಿನ ಜಾಗವನ್ನು ವಾಹನ ನಿಲ್ಲಿಸಲು ಸಮ ಮಾಡುವುದಕ್ಕೆ ಒಪ್ಪಿಗೆಯಂತೆ. ಆ ಮಡಿಗಳು ಕಿಟಕಿಯವರ ಕಾಲದವು, ಹಳೆಯ ಮುಖ್ಯಸ್ಥರ ಗುರುತು ಒಂದೂ ಉಳಿಯಬಾರದಂತೆ. ಅವು ನನ್ನವು ಅಂತ ಹೇಳಲು ಬಾಯಿ ತೆರೆದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬೇಡ ಅಂದರೆ ಮರುದಿನ ನನ್ನ ಕುರ್ಚಿ ಎಲ್ಲಿರುತ್ತದೆ ಅಂತ ಗೊತ್ತಿತ್ತು.

ಸಹಿ ಹಾಕಿದೆ. ನಿನ್ನೆ ಯಂತ್ರ ಬಂದು ಅರ್ಧ ದಿನದಲ್ಲಿ ಮುಗಿಸಿತು. ನೀನು ಬಣ್ಣ ಹೊಡೆದ ಒಂದು ತಗಡನ್ನು ಎತ್ತಿಟ್ಟುಕೊಂಡಿದ್ದೇನೆ. ಅಕ್ಷರ ನನ್ನದೇ, ನೀನು ಅದರ ಮೇಲೆಯೇ ತಿದ್ದಿದ್ದೀಯ, ಒಂದು ಗೆರೆಯೂ ಆಚೀಚೆ ಹೋಗಿಲ್ಲ.

ನಿನ್ನನ್ನು ಕೇಳುವ ಹಕ್ಕಿಲ್ಲ, ಆದರೂ ಇನ್ನಾರನ್ನು ಕೇಳಲಿ. ನಾಳೆಯಿಂದ ನಾನು ಎಲ್ಲಿ ಕೂರಲಿ?

ಅತ್ತಿಗೆ


ಜೂನ್ ೨೬

ಅತ್ತಿಗೆ,

ಇಲ್ಲಿ ಅಧ್ಯಾಪಕರ ಕೋಣೆಯಲ್ಲಿ ಇರುವುದು ಒಂದೇ ಮೇಜು. ನಿನ್ನ ಕುರ್ಚಿಯಲ್ಲೇ ಕೂತಿದ್ದೇನೆ, ಒಂದು ಕಾಲು ಗಿಡ್ಡ. ಮಸೂರವನ್ನು ಬಟ್ಟೆಯಿಂದ ಒರೆಸಿ ತಿರುಪು ಬಿಗಿ ಮಾಡಿದೆ, ಈಗ ಈರುಳ್ಳಿ ಸಿಪ್ಪೆ ಕಾಣುತ್ತದೆ. ಮುಂದಿನ ಮನೆಯ ನಾಯಿ ನನ್ನ ಹಿಂದೆಯೇ ಕಾಲೇಜಿನ ಗೇಟಿನವರೆಗೆ ಬರುತ್ತದೆ.

ಎಲ್ಲಿ ಕೂರಲಿ ಅಂತ ಕೇಳಿದ್ದೀಯ. ಬಾಗಿಲ ಪಕ್ಕದಲ್ಲೇ ಕೂರು. ಕಿಟಕಿಯ ಹತ್ತಿರ ಹನ್ನೊಂದು ಗಂಟೆಗೆ ಬಿಸಿಲು ಗಾಜಿಗೆ ಹೊಡೆದು ನಿನಗೆ ತಲೆನೋವು ಬರುತ್ತದೆ. ಓದುವಾಗ ನಾವಿಬ್ಬರೂ ಆ ಕಡೆ ಬಂದದ್ದು ಅದಕ್ಕೇ. ನೀನು ಬಿಸಿ ಚಹಾಕ್ಕೆ ಅಂತ ಬರೆದಾಗ ನನಗೆ ಬೇಜಾರಾಗಿತ್ತು, ಹೇಳಲಿಲ್ಲ. ನೀನು ಊರು ಬಿಟ್ಟ ಮೇಲೂ ನಾನು ಅಲ್ಲಿಂದ ಏಳಲಿಲ್ಲ. ಬೇರೆ ಯಾರಾದರೂ ಕೂತರೆ ನೀನು ಬಂದಾಗ ನಿನಗೆ ಜಾಗ ಇರುವುದಿಲ್ಲ ಅಂತ.

ಯಾರ ಕಡೆಯವಳು ಅಂತ ಸಂದರ್ಶನದಲ್ಲಿ ಕೇಳಿದಾಗ ಉತ್ತರ ಹೊಳೆಯಲಿಲ್ಲ ಅಂತ ಬರೆದಿದ್ದೆನಲ್ಲ. ಹೊಳೆದಿತ್ತು. ನೀನು ಹೊರಗೆ ಬೆಂಚಿನ ಮೇಲೆ ಕೂತಿದ್ದರಿಂದ ಹೇಳಲಾಗಲಿಲ್ಲ. ಇಷ್ಟು ವರ್ಷ ನಾನು ನಿನ್ನ ಕಡೆಯವಳಾಗಿದ್ದೆ.

ಅಣ್ಣನ ಹಲ್ಲು ಕೀಳಿಸಿಯಾಯಿತು. ಬೆಳಿಗ್ಗೆ ಚಹಾ ನಾನೇ ಮಾಡುತ್ತೇನೆ, ನೀಲಿ ಲೋಟದಲ್ಲಿ ಕೊಡುತ್ತೇನೆ. ಅವನಿಗೆ ನನ್ನ ಕೈಯ ಚಹಾ ಬಹಳ ಹಿಡಿಸಿದೆ. ನೀನು ಮೊದಲಿಂದಲೂ ಸಕ್ಕರೆ ಜಾಸ್ತಿ ಹಾಕುತ್ತಿದ್ದೆಯಂತೆ, ಪಾಪ, ನಿನಗೆ ಬೇಜಾರಾದೀತು ಅಂತ ಇಷ್ಟು ವರ್ಷ ಸುಮ್ಮನೆ ಕುಡಿದನಂತೆ.

ಕಡ್ಡಿ